ಬಂಗಲೆ ಆಮೇಲೆ ನೋಡೋಣ, ಮೊದಲು ಗೇಟಿನ ಮನೆ ನೋಡಿ

ಇಂಗ್ಲೆಂಡಿಗೆ ಹೋದವರು ದೊಡ್ಡ ದೊಡ್ಡ ಬಂಗಲೆಗಳ ಫೋಟೊ ಹಾಕುತ್ತಾರೆ. ಅದೇ ಎಸ್ಟೇಟಿನ ಗೇಟಿನ ಪಕ್ಕ ಒಂದು ಪುಟ್ಟ ಮನೆ ಇರುತ್ತದಲ್ಲ? ಕಡಿದಾದ ಮಾಡು, ಎತ್ತರದ ಚಿಮಣಿ, ಚಿಕ್ಕ ಚಿಕ್ಕ ಗಾಜು ಕೂರಿಸಿದ ಕಿಟಕಿ. ಅದನ್ನು ಯಾರೂ ನಿಂತು ನೋಡುವುದಿಲ್ಲ. ಗೇಟು ಕಾಯುವವರ ಸಂಸಾರ ಇರುತ್ತಿದ್ದ ಲಾಡ್ಜ್ ಅದು. ವಿಕ್ಟೋರಿಯಾ ರಾಣಿಯ ಕಾಲದ ಕಟ್ಟಡಗಳಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಇವೇ. ಆಟಿಕೆ ಮನೆ, ಬರೀ ತೋರಿಕೆ ಅಂತ ಯಾರಾದರೂ ತಳ್ಳಿಹಾಕಿದರೆ ಬೇಜಾರಾಗುತ್ತದೆ.

ತೋರಿಕೆ ಇದೆ, ನಿಜ. ಸಾರೋಟಿನಲ್ಲಿ ಬರುವ ನೆಂಟರಿಗೆ ಮೊದಲು ಕಾಣುವುದು ಈ ಮನೆ. ಯಜಮಾನರ ಅಂತಸ್ತನ್ನು ಅದೇ ಸಾರಬೇಕಿತ್ತು. ಆದರೂ ಒಂದೊಂದೇ ಭಾಗ ನೋಡುತ್ತಾ ಹೋಗಿ. ಮಾಡಿನ ಅಂಚಿಗೆ ಲೇಸಿನ ಹಾಗೆ ಕೊರೆದ ಮರದ ಹಲಗೆ ಇರುತ್ತದೆ. ಗೋಡೆಯಿಂದ ಹೊರಗೆ ಚಾಚಿದ ತೊಲೆಗಳ ತುದಿ ಮಳೆಗೆ ಕೊಳೆಯಬಾರದು ಅಂತ ಹೊಡೆದ ಹಲಗೆ ಅದು. ಕೆತ್ತನೆ ಬಂದದ್ದು ಆಮೇಲೆ. ರಸ್ತೆ ಕಡೆಯ ಕಿಟಕಿ ಗೋಡೆ ಬಿಟ್ಟು ಮುಂದೆ ಬಂದಿರುತ್ತದೆ. ಒಳಗೆ ಕೂತವರಿಗೆ ಎರಡೂ ದಿಕ್ಕಿನ ಗಾಡಿ ಕಾಣಬೇಕಲ್ವಾ? ಇನ್ನು ಚಿಮಣಿ. ಅದು ಮನೆಯ ನಡುವೆ ಇದ್ದರೆ ಬೆನ್ನಿಗೆ ಬೆನ್ನು ಕೊಟ್ಟ ಎರಡು ಒಲೆಗಳ ಹೊಗೆ ಒಂದೇ ಕಡೆಯಿಂದ ಹೋಗುತ್ತದೆ, ಬಿಸಿ ಒಳಗೇ ಉಳಿಯುತ್ತದೆ. ಎತ್ತರವಾದಷ್ಟೂ ಹೊಗೆ ಚೆನ್ನಾಗಿ ಎಳೆಯುತ್ತದೆ. ಅಲ್ಲಿಗೆ ಕೆಲಸ ಮುಗಿಯಿತು. ಇಟ್ಟಿಗೆಯನ್ನು ತಿರುಚಿದಂತೆ ಜೋಡಿಸಿ ಅದನ್ನು ಚೆಂದ ಮಾಡಿದ್ದು ಗಾರೆಯವರ ಕೈಚಳಕ.

ಬೆಂಗಳೂರು ದಂಡಿನ ಹಳೇ ಬಂಗಲೆಗಳ ಮಂಕಿ ಟಾಪ್, ಅಂದರೆ ಕಿಟಕಿಗಳ ಮೇಲೆ ಚಾಚಿದ ಮರದ ಚೂಪು ಮಾಡು, ನೋಡಿದವರಿಗೆ ಈ ಮರಗೆಲಸ ಹೊಸದಲ್ಲ. ಅವು ಇದರ ನೆಂಟರೇ. ಅವೂ ಒಂದೊಂದಾಗಿ ಹೋಗುತ್ತಿವೆ.

ಈ ರುಚಿ ವಿಕ್ಟೋರಿಯಾ ಪಟ್ಟಕ್ಕೆ ಬರುವ ಮೊದಲೇ ಶುರುವಾಗಿತ್ತು. 1811ರ ಸುಮಾರಿಗೆ ವಾಸ್ತುಶಿಲ್ಪಿ ಜಾನ್ ನ್ಯಾಷ್ ಬ್ರಿಸ್ಟಲ್ ಹತ್ತಿರದ ಬ್ಲೇಸ್ ಹ್ಯಾಮ್ಲೆಟ್‌ನಲ್ಲಿ ಒಂಬತ್ತು ಮನೆ ಮಾಡಿಕೊಟ್ಟ. ಎಸ್ಟೇಟಿನಲ್ಲಿ ದುಡಿದು ವಯಸ್ಸಾದವರಿಗೆ ಅಂತ ಕಟ್ಟಿದ್ದು. ಒಂದರ ಹಾಗೆ ಇನ್ನೊಂದಿಲ್ಲ. ಆಮೇಲೆ ಡರ್ಬಿಶೈರಿನ ಎಡೆನ್ಸರ್. ಚಾಟ್ಸ್‌ವರ್ತ್ ಬಂಗಲೆಯ ಡ್ಯೂಕ್ ತನ್ನ ಪಾರ್ಕಿನಲ್ಲಿದ್ದ ಹಳೇ ಊರನ್ನು ತೆಗೆಸಿ, 1838ರಿಂದ 1842ರವರೆಗೆ ಪಕ್ಕದಲ್ಲೇ ಹೊಸ ಊರು ಕಟ್ಟಿಸಿದ. ನೋಟಕ್ಕೋಸ್ಕರ ಒಂದು ಊರನ್ನೇ ಎಬ್ಬಿಸುವುದು ನನಗೆ ಇವತ್ತಿಗೂ ಒಪ್ಪಿಗೆಯಾಗದ ಮಾತು. ಆದರೆ ಕಟ್ಟಿದ ಮನೆಗಳನ್ನು ಹೊಗಳದೆ ಇರಲಾರೆ. ಗಟ್ಟಿ ಕಲ್ಲಿನ ಗೋಡೆ. ಒಂದಕ್ಕೆ ಸ್ವಿಸ್ ಮಾಡು, ಇನ್ನೊಂದಕ್ಕೆ ಇಟಲಿಯ ಗೋಪುರ, ಮತ್ತೊಂದು ಹಳೇ ಟ್ಯೂಡರ್ ರಾಜರ ಕಾಲದ್ದರ ಹಾಗೆ. ಕೆಲಸದ ಮುಂದಾಳು ಡ್ಯೂಕ್‌ನ ತೋಟಗಾರ ಜೋಸೆಫ್ ಪ್ಯಾಕ್ಸ್‌ಟನ್. 1851ರಲ್ಲಿ ಲಂಡನ್ನಿನಲ್ಲಿ ಎದ್ದ ಭಾರೀ ಗಾಜಿನ ಕಟ್ಟಡ ಕ್ರಿಸ್ಟಲ್ ಪ್ಯಾಲೆಸ್ ಕೂಡ ಇವನದೇ. ನಮ್ಮ ಲಾಲ್‌ಬಾಗಿನ ಗಾಜಿನ ಮನೆಗೆ ಪ್ರೇರಣೆಯಾದದ್ದು ಆ ಕಟ್ಟಡ. ಮನೆಗಳ ನಕ್ಷೆಯಲ್ಲಿ ಪ್ಯಾಕ್ಸ್‌ಟನ್ ಜೊತೆಗಿದ್ದವನು ವಾಸ್ತುಶಿಲ್ಪಿ ಜಾನ್ ರಾಬರ್ಟ್‌ಸನ್.

ನನ್ನ ತಕರಾರು ಬೇರೆಯೇ ಇದೆ. ಎಷ್ಟೋ ಲಾಡ್ಜ್‌ಗಳು ಸಾರೋಟಿನಲ್ಲಿ ಕೂತವರ ಕಣ್ಣಿಗೆ ಅಂತಲೇ ಹುಟ್ಟಿದವು, ಒಳಗೆ ಬದುಕಿದವರಿಗಲ್ಲ. ಮಾಡು ಕಡಿದಾದಷ್ಟು ಅಟ್ಟದ ಕೋಣೆಯಲ್ಲಿ ಗೋಡೆ ಓರೆ. ನೆಟ್ಟಗೆ ನಿಲ್ಲಲು ನಡುಮಧ್ಯೆ ಮಾತ್ರ ಜಾಗ. ಕಿಟಕಿಯ ಚಿಕ್ಕ ಗಾಜುಗಳಿಂದ ಹಗಲಲ್ಲೂ ಕತ್ತಲೆ. ಎರಡು ಮಾಡು ಸೇರುವ ಕಣಿವೆಯಲ್ಲಿ ನೀರು ನಿಂತು ಸೋರುತ್ತದೆ. ಗಂಡ ತೋಟದ ಕೆಲಸಕ್ಕೆ ಹೋದರೆ ಗೇಟು ತೆಗೆಯುವ ಕೆಲಸ ಬಹಳ ಕಡೆ ಹೆಂಡತಿಯದು. ಮಳೆಯಿರಲಿ, ರಾತ್ರಿಯಿರಲಿ, ಗಾಡಿ ಬಂದರೆ ಓಡಬೇಕು. ಆ ಹೆಂಗಸಿನ ಅಡುಗೆಮನೆಗೆ ಎಷ್ಟು ಬೆಳಕು ಕೊಟ್ಟರು ಅನ್ನುವುದೇ ನನಗೆ ಒಳ್ಳೆಯ ಲಾಡ್ಜಿನ ಅಳತೆ.

ಇದು ಇವತ್ತಿನವರ ಕಣ್ಣಿಂದ ಹೇಳುವ ಮಾತಲ್ಲ. ತೋಟ, ಕಟ್ಟಡಗಳ ಬಗ್ಗೆ ಬರೆಯುತ್ತಿದ್ದ ಜಾನ್ ಲೌಡನ್ 1833ರಲ್ಲೇ ಸಾವಿರ ಪುಟಕ್ಕೂ ಜಾಸ್ತಿಯಿರುವ ನಕ್ಷೆ ಪುಸ್ತಕ ತಂದ. ಅವನ ಮೊದಲ ಕಾಳಜಿಯೇ ಸಾಮಾನ್ಯ ಜನರ ಮನೆ ಸುಧಾರಿಸಬೇಕು ಅನ್ನುವುದು. ಅದೇ ಬಗೆಯ ಪುಸ್ತಕ ನೋಡಿ ಕಟ್ಟಿಸಿದ ಎಷ್ಟೋ ಯಜಮಾನರು ಹೊರಗಿನ ಚಿತ್ರವನ್ನಷ್ಟೇ ತೆಗೆದುಕೊಂಡರು.

ಲಂಡನ್ನಿನ ಸಸ್ಯೋದ್ಯಾನ ಕ್ಯೂ ಗಾರ್ಡನ್ಸ್‌ಗೆ ಹೋದರೆ 1867ರಲ್ಲಿ ವಾಸ್ತುಶಿಲ್ಪಿ ನೆಸ್‌ಫೀಲ್ಡ್ ಕಟ್ಟಿದ ಲಾಡ್ಜ್ ತಪ್ಪಿಸಬೇಡಿ. ಕೊರೆದ ಹಲಗೆಯ ಗೊಡವೆಯೇ ಇಲ್ಲ. ಕೆಂಪು ಇಟ್ಟಿಗೆ, ಪಿರಮಿಡ್ಡಿನಂಥ ಮಾಡು, ನೆತ್ತಿಯಲ್ಲಿ ಭಾರೀ ಚಿಮಣಿ. ಅಷ್ಟರಲ್ಲೇ ಕಣ್ಣು ತುಂಬುತ್ತದೆ.

ಈಗ ಎಷ್ಟೋ ಲಾಡ್ಜ್‌ಗಳು ಎಸ್ಟೇಟಿನಿಂದ ಬೇರೆಯಾಗಿ ಮಾರಾಟವಾಗಿವೆ. ಕೊಂಡವರು ಹಿಂದುಗಡೆ ದೊಡ್ಡ ಅಡುಗೆಮನೆ, ಬಚ್ಚಲು ಕಟ್ಟಿಕೊಂಡರೆ ನನ್ನ ಅಡ್ಡಿಯಿಲ್ಲ. ಆ ಮನೆಗೆ ಮೊದಲೇ ಸಿಗಬೇಕಾಗಿದ್ದ ಸೌಕರ್ಯ ಅದು. ಆದರೆ ರಿಪೇರಿ ಖರ್ಚಿಗೆ ಹೆದರಿ ಚಿಮಣಿ ಇಳಿಸುವುದು, ಮರದ ಹಲಗೆ ಕಿತ್ತು ಪ್ಲಾಸ್ಟಿಕ್ ಪಟ್ಟಿ ಹೊಡೆಯುವುದು ದಯವಿಟ್ಟು ಬೇಡ. ಕೊಳೆತ ತುಂಡನ್ನಷ್ಟೇ ತೆಗೆದು ಹೊಸ ಮರ ಕೂಡಿಸುವ ಬಡಗಿಗಳು ಈಗಲೂ ಇದ್ದಾರೆ.