ಸತ್ಯಾಂಶ: ಎಸ್‌ಐಪಿ ಹಣ ಇರುವವರೆಗೆ ಷೇರುಪೇಟೆ ಬೀಳುವುದಿಲ್ಲವೇ?

"ತಿಂಗಳು ತಿಂಗಳು ಎಸ್‌ಐಪಿ ಹಣ ಬರುತ್ತಲೇ ಇದೆ, ಇನ್ನು ಮಾರ್ಕೆಟ್ ಬೀಳುವ ಮಾತೇ ಇಲ್ಲ." ಈ ಸಂದೇಶ ನಿಮಗೂ ಬಂದಿರಬಹುದು. ಎಸ್‌ಐಪಿ ಅಂದರೆ ಮ್ಯೂಚುವಲ್ ಫಂಡ್‌ಗೆ ತಿಂಗಳಿಗಿಷ್ಟು ಅಂತ ಹಾಕುವ ಹಣ. ಅದು ಬರುತ್ತಿರುವುದು ನಿಜ. ಉಳಿದದ್ದು ಸುಮ್ನೆ ಮಾತು.

2024ರ ಡಿಸೆಂಬರ್ ಒಂದರಲ್ಲೇ ಎಸ್‌ಐಪಿ ಮೂಲಕ 26 ಸಾವಿರ ಕೋಟಿ ರೂಪಾಯಿಗೂ ಜಾಸ್ತಿ ಬಂತು. ಆದರೂ ಅದೇ ವರ್ಷದ ಸೆಪ್ಟೆಂಬರ್ ಕೊನೆಯಲ್ಲಿ 26,200 ದಾಟಿದ್ದ ನಿಫ್ಟಿ (50 ದೊಡ್ಡ ಕಂಪನಿಗಳ ಷೇರುಗಳ ಸೂಚ್ಯಂಕ), 2025ರ ಮಾರ್ಚ್ ಮೊದಲ ವಾರ 22,000ಕ್ಕಿಂತ ಕೆಳಗಿಳಿಯಿತು. ನಾವು ಕೊಳ್ಳುತ್ತಿದ್ದಾಗ ವಿದೇಶಿ ಹೂಡಿಕೆದಾರರು ಮಾರುತ್ತಿದ್ದರು, ಅಷ್ಟೇ.

ಬದಲಾಗಿರುವುದು ಹೂಡಿಕೆದಾರರು. 2020ರ ಮಾರ್ಚ್‌ನಲ್ಲಿ ಸುಮಾರು 4 ಕೋಟಿ ಇದ್ದ ಡಿಮ್ಯಾಟ್ ಖಾತೆಗಳು (ಷೇರು ಇಟ್ಟುಕೊಳ್ಳುವ ಖಾತೆಗಳು) ನಾಲ್ಕೇ ವರ್ಷದಲ್ಲಿ 15 ಕೋಟಿ ದಾಟಿದವು. ಇವರಲ್ಲಿ ಹೆಚ್ಚಿನವರು 2008ರ ಕುಸಿತ ಕಂಡವರಲ್ಲ.

ಯೋಗ್ಯತೆಗೆ ಮೀರಿ ಷೇರಿಗೆ ಮುಗಿಬಿದ್ದಾಗ ಗುಳ್ಳೆ ಊದುವುದು ಹೇಗೆ ಕಾಣುತ್ತದೆ ಗೊತ್ತಾ? 2024ರ ಆಗಸ್ಟ್‌ನಲ್ಲಿ ದೆಹಲಿಯ ಒಂದು ಕಂಪನಿ 12 ಕೋಟಿ ರೂಪಾಯಿಯ ಐಪಿಒ (ಜನರಿಗೆ ಮೊದಲ ಸಲ ಷೇರು ಮಾರಾಟ) ತಂದಿತು. ಅದಕ್ಕಿದ್ದದ್ದು ಎರಡು ಬೈಕ್ ಶೋರೂಂ, ಎಂಟು ನೌಕರರು. ಆ ಷೇರು ಕೊಳ್ಳಲು ಬಂದ ಬಿಡ್ ಸುಮಾರು 4,800 ಕೋಟಿ ರೂಪಾಯಿ! ವ್ಯಾಪಾರ ಏನೆಂದು ಎಷ್ಟು ಜನ ಓದಿರುತ್ತಾರೆ, ಹೇಳಿ?

ಹಾಗಂತ ಎಸ್‌ಐಪಿ ನಿಲ್ಲಿಸಬೇಕೆಂದಲ್ಲ. ಅದು ಕೊಳ್ಳುವ ಬೆಲೆಯನ್ನು ಸರಾಸರಿ ಮಾಡುತ್ತದೆ. ಕುಸಿತ ತಡೆಯುವುದು ಅದರ ಕೆಲಸವೇ ಅಲ್ಲ.