ಈಸೂರಿನ ದಾರಿ ನನಗೆ ಸೋಲ್‌ನಲ್ಲಿ ಸಿಕ್ಕಿತು

ಹೋದ ವರ್ಷದ ಆಗಸ್ಟ್ 15ರಂದು ನಾನು ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿದ್ದೆ, ಒಬ್ಬಳೇ. ಟಿಕೆಟ್‌ನ ದಿನಾಂಕ ನೋಡಿ ಅಪ್ಪ ಬೇಸರ ಮಾಡಿಕೊಂಡಿದ್ದರು. ತೀರ್ಥಹಳ್ಳಿಯ ಆಚೆ ನಮ್ಮೂರಿನ ಶಾಲೆಯಲ್ಲಿ ಮೇಷ್ಟರಾಗಿದ್ದವರು ಅವರು. ನಿವೃತ್ತರಾದ ಮೇಲೂ ಆ ದಿನ ಬೆಳಿಗ್ಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಕೊಡೆ ಹಿಡಿದು ಶಾಲೆಯ ಅಂಗಳದಲ್ಲಿ ನಿಲ್ಲುತ್ತಾರೆ. "ಬೇರೆ ದಿನ ಸಿಗಲಿಲ್ಲವೇನೇ? ಸ್ವಾತಂತ್ರ್ಯ ದಿನ ಪರದೇಶದಲ್ಲಿ ಏನು ಮಾಡುತ್ತೀಯ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಮಲೆನಾಡಿನಲ್ಲಿ ಬೆಳೆದವರಿಗೆ ಆಗಸ್ಟ್ 15 ಎಂದರೆ ಮಳೆ. ಹಗ್ಗ ಎಳೆದರೆ ಬಾವುಟದೊಳಗೆ ಕಟ್ಟಿದ್ದ ಹೂವು ನೀರಿನೊಂದಿಗೆ ಬೊಳಬೊಳನೆ ಉದುರುತ್ತಿತ್ತು. ನೆನೆದು ಭಾರವಾದ ಬಾವುಟ ಕಂಬಕ್ಕೆ ಅಂಟಿಕೊಂಡೇ ಇರುತ್ತಿತ್ತು. ರಾಷ್ಟ್ರಗೀತೆ ಮುಗಿಯುವವರೆಗೆ ಅಲುಗಾಡುವಂತಿಲ್ಲ, ಕಾಲಿಗೆ ಉಂಬಳ ಹತ್ತಿದ್ದು ತಿಳಿದರೂ ಬಗ್ಗುವಂತಿಲ್ಲ. ಆಮೇಲೆ ಕಾಗದದಲ್ಲಿ ಕಟ್ಟಿದ ಬೂಂದಿ. ಆ ದಿನ ಬೆಳಿಗ್ಗೆ ಸೋಲ್‌ನ ಕೋಣೆಯಲ್ಲಿ ಎದ್ದಾಗ ನನಗೆ ಬೇಕಾಗಿದ್ದುದು ಆ ಒದ್ದೆ ಅಂಗಳ. ಹಬ್ಬದ ದಿನ ಗುರುತಿನವರು ಒಬ್ಬರೂ ಇಲ್ಲದ ಊರಿನಲ್ಲಿರುವುದು ಇಷ್ಟು ಕಷ್ಟವಾಗುತ್ತದೆ ಎಂದು ನಾನು ಎಣಿಸಿರಲಿಲ್ಲ.

ಹೊರಗೆ ಬಂದರೆ ರಸ್ತೆಯುದ್ದಕ್ಕೂ ದೀಪದ ಕಂಬಗಳಲ್ಲಿ ಬಾವುಟ. ಅವರ ಬಾವುಟ, ತೆಗುಕ್ಕಿ. ಕೊರಿಯಾ ಜಪಾನಿನ ಆಳ್ವಿಕೆಯಿಂದ ಬಿಡುಗಡೆಯಾದದ್ದು 1945ರ ಆಗಸ್ಟ್ 15ರಂದು, ನಮಗಿಂತ ಸರಿಯಾಗಿ ಎರಡು ವರ್ಷ ಮೊದಲು. ರಜೆಯ ಹೆಸರು ಗ್ವಾಂಗ್‌ಬೊಕ್‌ಜೊಲ್, ಬೆಳಕು ಮರಳಿದ ದಿನ. ಹೋಟೆಲಿನ ಹುಡುಗಿ ಇದನ್ನು ವಿವರಿಸಿ, ಎಲ್ಲಿಗಾದರೂ ಹೋಗುವುದಾದರೆ ಸೊದೆಮುನ್ ಜೈಲಿಗೆ ಹೋಗಿ ಎಂದಳು. ರಜೆಯ ದಿನ ಜೈಲಿಗೆ!

ಮೆಟ್ರೋದಿಂದ ಇಳಿದರೆ ಎದುರಿಗೇ ಕೆಂಪು ಇಟ್ಟಿಗೆಯ ಗೋಡೆ. 1908ರಲ್ಲಿ ಆರಂಭವಾದ ಈ ಜೈಲಿನಲ್ಲಿ ಜಪಾನೀಯರು ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕುತ್ತಿದ್ದರು. 1919ರ ಮಾರ್ಚ್ 1ರ ಚಳವಳಿಯಲ್ಲಿ ಸೆರೆಯಾದ ಯೂ ಗ್ವಾನ್‌ಸುನ್ ಎಂಬ ಹುಡುಗಿ ಹದಿನೇಳರ ಪ್ರಾಯದಲ್ಲಿ ಇಲ್ಲೇ ಸತ್ತಳು. ಒಂದು ಕೋಣೆಯ ಗೋಡೆಗಳ ತುಂಬ ಕೈದಿಗಳ ದಾಖಲೆ ಚೀಟಿಗಳು, ಒಂದೊಂದರಲ್ಲೂ ಒಂದು ಮುಖ. ಹಿಂದುಗಡೆ ಮರದ ಹಲಗೆಯ ಪುಟ್ಟ ಕಟ್ಟಡ, ಅದೇ ನೇಣುಮನೆ. ನೇಣಿಗೇರಬೇಕಾದವರು ಅದರ ಹೊರಗಿದ್ದ ಮರವನ್ನು ತಬ್ಬಿಕೊಂಡು ಅತ್ತು ಒಳಗೆ ಹೋಗುತ್ತಿದ್ದರಂತೆ. ನನಗೆ ಬಹಳ ಹಿಡಿಸಿದ ಸಂಗತಿ ಇನ್ನೊಂದಿದೆ. ಜಪಾನೀಯರು ಹೋದ ಮೇಲೂ 1987ರವರೆಗೆ ಇದು ಜೈಲಾಗಿಯೇ ಇತ್ತು. ಪ್ರಜಾಪ್ರಭುತ್ವ ಕೇಳಿದ ತಮ್ಮದೇ ಜನರನ್ನು ತಮ್ಮದೇ ಸರ್ಕಾರ ಇಲ್ಲಿಟ್ಟಿತ್ತು, ನೇಣಿಗೂ ಹಾಕಿತ್ತು. ಆ ಕಥೆಯನ್ನೂ ಅವರು ಮುಚ್ಚಿಟ್ಟಿಲ್ಲ.

ಸೆಖೆ ವಿಪರೀತವಿತ್ತು. ಜೀರುಂಡೆಗಳು ನಮ್ಮ ಕಾಡಿನಲ್ಲಿ ಕೂಗುವ ಹಾಗೆಯೇ ಕೂಗುತ್ತಿದ್ದವು. ನೆರಳಿಗೆ ಕುಳಿತ ಕಡೆ ತಿಳಿನೇರಳೆ ಹೂವಿನ ಗಿಡವಿತ್ತು. ಅವರ ರಾಷ್ಟ್ರಪುಷ್ಪ ಮುಗುಂಗ್‌ಹ್ವಾ, ನಮ್ಮ ದಾಸವಾಳದ ಕುಲದ್ದೇ. ಗಂಟೆ ಹನ್ನೊಂದೂವರೆ ದಾಟಿತ್ತು. ಊರಿನಲ್ಲಿ ಎಂಟು, ಧ್ವಜಾರೋಹಣದ ಹೊತ್ತು. ಅಪ್ಪ ಕಳಿಸಿದ ವಿಡಿಯೋದಲ್ಲಿ ಮಳೆಯ ಸದ್ದೇ ಹೆಚ್ಚು ಕೇಳುತ್ತಿತ್ತು. ಪಕ್ಕದಲ್ಲಿ ಮೊಮ್ಮಗಳೊಂದಿಗೆ ಕುಳಿತಿದ್ದ ಅಜ್ಜ ಇಣುಕಿ ನೋಡಿದರು. ಮೊಬೈಲ್‌ನ ಅನುವಾದದ ನೆರವಿನಿಂದ, ನಮಗೂ ಇವತ್ತೇ ಸ್ವಾತಂತ್ರ್ಯ ದಿನ ಎಂದು ಹೇಳಿದೆ. ಅಜ್ಜ ಎದ್ದು ನಿಂತು ಎರಡೂ ಕೈಯಲ್ಲಿ ನನ್ನ ಕೈ ಹಿಡಿದುಕೊಂಡರು. ಎಂಟೊಂಬತ್ತು ವರ್ಷದ ಆ ಮೊಮ್ಮಗಳು ಮೊಬೈಲ್ ಕೇಳಿ ತೆಗೆದುಕೊಂಡು ಏನೋ ಹೇಳಿದಳು. ಪರದೆಯ ಮೇಲೆ ಅಕ್ಷರ ಮೂಡಿತು: "ನಿಮ್ಮ ಊರಿನಲ್ಲಿ ಇಂಥ ಜಾಗ ಯಾವುದು? ನೀವು ಹೋಗಿದ್ದೀರಾ?"

ಇಂಥ ಜಾಗ ನಮ್ಮ ಜಿಲ್ಲೆಯಲ್ಲಿದೆ, ಶಿಕಾರಿಪುರ ತಾಲ್ಲೂಕಿನ ಈಸೂರು. ಏಳನೆಯ ತರಗತಿಯಲ್ಲಿ "ಏಸೂರು ಕೊಟ್ಟರೂ ಈಸೂರು ಕೊಡೆವು" ಎಂದು ವೇದಿಕೆಯ ಮೇಲೆ ಕೂಗಿ ಬಹುಮಾನ ಪಡೆದವಳು ನಾನು. ಒಮ್ಮೆಯೂ ಹೋಗಿರಲಿಲ್ಲ. ಮಗುವಿಗೆ ಸುಳ್ಳು ಹೇಳಲು ಮನಸ್ಸು ಬರಲಿಲ್ಲ, ಇಲ್ಲ ಎಂದೆ. ಅವಳು ಅಜ್ಜನ ಮುಖ ನೋಡಿದಳು. ಆ ನೋಟ ಇನ್ನೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ.

ಅಕ್ಟೋಬರ್‌ನಲ್ಲಿ ಬಸ್ ಹತ್ತಿ ಈಸೂರಿಗೆ ಹೋದೆ. ವೀರಭದ್ರ ದೇವಾಲಯದ ಮುಂದೆ ನಿಂತೆ. 1942ರ ಸೆಪ್ಟೆಂಬರ್‌ನಲ್ಲಿ ಈ ಊರಿನವರು ಬಾವುಟ ಏರಿಸಿ ಸ್ವತಂತ್ರರೆಂದು ಸಾರಿಕೊಂಡದ್ದು ಅಲ್ಲೇ. ಹುಡುಗರನ್ನೇ ಅಮಲ್ದಾರ (ಆಗಿನ ತಾಲ್ಲೂಕು ಅಧಿಕಾರಿ), ಸಬ್ ಇನ್‌ಸ್ಪೆಕ್ಟರ್ ಎಂದು ನೇಮಿಸಿಕೊಂಡಿದ್ದರು. ಘರ್ಷಣೆಯಲ್ಲಿ ಸರ್ಕಾರದ ಅಮಲ್ದಾರರೂ ಸಬ್ ಇನ್‌ಸ್ಪೆಕ್ಟರರೂ ಸತ್ತರು, ಅವರೂ ಕನ್ನಡಿಗರೇ. ಆಮೇಲೆ ಊರಿನ ಮೇಲೆ ಸೇನೆ ಬಿತ್ತು, ಜನ ಕಾಡು ಸೇರಿದರು, ಹೆಂಗಸರೂ ಜೈಲಿಗೆ ಹೋದರು. ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ, ಈ ಐವರಿಗೆ 1943ರ ಮಾರ್ಚ್‌ನಲ್ಲಿ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ನೇಣಾಯಿತು. ಆ ಜೈಲು ಈಗ ಫ್ರೀಡಂ ಪಾರ್ಕ್. ಎಷ್ಟೋ ಸಲ ಅದರ ಮುಂದೆ ಹಾದುಹೋಗಿದ್ದೇನೆ, ಈ ಐವರ ನೆನಪು ಒಮ್ಮೆಯೂ ಬಂದದ್ದಿಲ್ಲ.

ನಮ್ಮಲ್ಲಿ ಆಗಸ್ಟ್ 15ರಂದು ಬೆಳಿಗ್ಗೆ ಹತ್ತರೊಳಗೆ ಎಲ್ಲವೂ ಮುಗಿಯುತ್ತದೆ. ಮಧ್ಯಾಹ್ನದ ಹೊತ್ತಿಗೆ ಜೋಗದಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಆಗುಂಬೆಯ ರಸ್ತೆಯಲ್ಲಿ ಕಾರುಗಳ ಸಾಲು. ಜೋಗಕ್ಕೆ ಹೋಗಬೇಡಿ ಎನ್ನಲಾರೆ, ಆಗಸ್ಟ್‌ನ ಜೋಗವನ್ನು ನಾನೂ ಪ್ರೀತಿಸುತ್ತೇನೆ. ಆದರೆ ಶಿವಮೊಗ್ಗದಿಂದ ಗಂಟೆಯ ಹಾದಿಯಲ್ಲಿರುವ ಈಸೂರಿಗೆ ಮಕ್ಕಳನ್ನು ಒಂದು ಸಲವಾದರೂ ಕರೆದುಕೊಂಡು ಹೋಗಿ ಎಂದು ಕೈಮುಗಿದು ಕೇಳುತ್ತೇನೆ. ಹೋದಾಗ ಪೂರ್ತಿ ಕಥೆ ಹೇಳಿ. ನೇಣಿಗೇರಿದವರ ಹೆಸರಿನ ಜೊತೆಗೆ ಆ ಇಬ್ಬರು ಅಧಿಕಾರಿಗಳ ಸಾವನ್ನೂ ಹೇಳಿ. ಘೋಷಣೆಯನ್ನಷ್ಟೇ ಬಾಯಿಪಾಠ ಮಾಡಿದ ಮಗು ದೊಡ್ಡದಾದ ಮೇಲೆ ಏನಾಗುತ್ತದೆ ಎಂಬುದಕ್ಕೆ ಬೇರೆ ಉದಾಹರಣೆ ಬೇಡ, ನಾನಿದ್ದೇನೆ.

ಇದನ್ನೆಲ್ಲ ಹೇಳಿದಾಗ ಅಪ್ಪ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ವರ್ಷ ವರ್ಷವೂ ಮಕ್ಕಳಿಗೆ ಹೇಳಿದ್ದೇನೆ. ನಾನೂ ಹೋಗಿಲ್ಲ" ಎಂದರು.

ಈ ಆಗಸ್ಟ್ 15ರಂದು ಶಾಲೆಯ ಧ್ವಜಾರೋಹಣ ಮುಗಿಸಿ ಅಪ್ಪ, ನಾನು ಈಸೂರಿಗೆ ಹೊರಡುತ್ತೇವೆ. ಕಾರಿನ ಹಿಂದಿನ ಸೀಟು ಖಾಲಿ ಇದೆ. ಮಕ್ಕಳಿದ್ದರೆ ಶಿವಮೊಗ್ಗದಲ್ಲಿ ಹತ್ತಿಸಿಕೊಳ್ಳುತ್ತೇವೆ, ಹೇಳಿ.