ಒಳ್ಳೆಯ ಕೆಲಸಕ್ಕೆ ಅರ್ಜಿ ಸಲ್ಲಿಸುವ ವಿಧಾನ

ನಾಲ್ಕು ಜನರಿಗೆ ಉಪಕಾರ ಮಾಡಬೇಕೆಂದು ಮನಸ್ಸಾದರೆ ಮೊದಲು ಏಳು ಜನರನ್ನು ಹುಡುಕಬೇಕು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960 ಹಾಗೆನ್ನುತ್ತದೆ. ಆರು ಜನರ ಕರುಣೆಗೆ ಕಾನೂನಿನಲ್ಲಿ ಕಿಮ್ಮತ್ತಿಲ್ಲ. ಏಳನೆಯವರಿಗೆ ಕರುಣೆ ಇರಲೇಬೇಕೆಂದು ಎಲ್ಲಿಯೂ ಬರೆದಿಲ್ಲ, ಗುರುತಿನ ಚೀಟಿ ಇದ್ದರೆ ಸಾಕು. ಹಾಗಾಗಿಯೇ ನಮ್ಮ ನಾಡಿನ ಎಷ್ಟೋ ಸೇವಾ ಸಂಘಗಳಲ್ಲಿ ಏಳನೆಯವರು ಅಧ್ಯಕ್ಷರ ಭಾವಮೈದುನರಾಗಿರುತ್ತಾರೆ.

ಒಂದು ಊರು, ಆ ಊರಿನ ದೇವಸ್ಥಾನದ ಜಗಲಿಯಲ್ಲಿ ಸಂಜೆ ಹೊತ್ತು ಕೂಲಿಕಾರರ ಮಕ್ಕಳಿಗೆ ಲೆಕ್ಕ ಹೇಳಿಕೊಡುವ ಒಬ್ಬ ನಿವೃತ್ತ ಮೇಷ್ಟ್ರು ಇದ್ದಾರೆಂದು ಇಟ್ಟುಕೊಳ್ಳಿ. ಮಕ್ಕಳು ಕಲಿಯುತ್ತಿದ್ದಾರೆ, ಮೇಷ್ಟ್ರು ಕಲಿಸುತ್ತಿದ್ದಾರೆ, ಸೀಮೆಸುಣ್ಣದ ಖರ್ಚು ಪಿಂಚಣಿಯಲ್ಲಿ ಹೊರಟುಹೋಗುತ್ತದೆ. ಸರ್ಕಾರಕ್ಕೆ ಗೊತ್ತಿಲ್ಲದಿದ್ದರೂ ಸುಖವಾಗಿ ನಡೆಯುತ್ತಿದೆ. ಆಗ ಯಾರೋ ಹಿತೈಷಿ ಬಂದು, ‘ಇದನ್ನು ಒಂದು ಸಂಸ್ಥೆ ಮಾಡಿಬಿಡಿ ಸಾರ್, ದೇಣಿಗೆ ಬರುತ್ತದೆ, ಮಕ್ಕಳಿಗೆ ಪುಸ್ತಕ ಕೊಡಿಸಬಹುದು’ ಎನ್ನುತ್ತಾನೆ. ಅಲ್ಲಿಗೆ ಜಗಲಿಯ ಪಾಠ ಮುಗಿಯಿತು. ಮರುದಿನದಿಂದ ಮೇಷ್ಟ್ರೇ ವಿದ್ಯಾರ್ಥಿ.

ಮೊದಲನೆಯ ಪಾಠ ಬೈಲಾ. ‘ಮಕ್ಕಳಿಗೆ ಲೆಕ್ಕ ಹೇಳಿಕೊಡುವುದು’ ಎಂದು ಒಂದೇ ಸಾಲಿನಲ್ಲಿ ಧ್ಯೇಯೋದ್ದೇಶ ಬರೆದುಕೊಂಡು ಹೋದರೆ, ನೋಂದಣಿ ಕಚೇರಿಯ ಎದುರಿನ ಬೆರಳಚ್ಚು ಅಂಗಡಿಯವನು ಕನಿಕರದಿಂದ ನೋಡುತ್ತಾನೆ. ನಾಳೆ ಕಂಪನಿಯವರು ಕೌಶಲ ತರಬೇತಿಗೆ ಹಣ ಕೊಟ್ಟರೆ? ನಾಡಿದ್ದು ಇನ್ನಾರೋ ಸಸಿ ನೆಡಲು ಕೊಟ್ಟರೆ? ಉದ್ದೇಶದಲ್ಲಿ ಇಲ್ಲದ್ದನ್ನು ಮಾಡುವಂತಿಲ್ಲ. ಆದ್ದರಿಂದ ಅವನು ತನ್ನ ಕಂಪ್ಯೂಟರಿನಲ್ಲಿ ಮೊದಲೇ ಇರುವ ಪ್ರತಿಯನ್ನು ತೆಗೆಯುತ್ತಾನೆ. ಅದರಲ್ಲಿ ಅನಾಥರು, ವೃದ್ಧರು, ವಿಧವೆಯರು, ಅಂತರ್ಜಲ, ಜಾನಪದ, ಯೋಗ, ಗೋಸಂರಕ್ಷಣೆ, ಮಹಿಳಾ ಸಬಲೀಕರಣ, ರಾಷ್ಟ್ರೀಯ ಭಾವೈಕ್ಯ ಎಲ್ಲವೂ ಇರುತ್ತವೆ. ಹೆಸರಿನ ಜಾಗ ಮಾತ್ರ ಖಾಲಿ. ರಾಜ್ಯದ ಯಾವ ಮೂಲೆಯ ಸಂಘದ ಬೈಲಾ ತೆಗೆದು ಓದಿದರೂ ಅದೇ ಅನಾಥರು ಅದೇ ಕ್ರಮದಲ್ಲಿ ನಿಂತಿರುವುದು ಈ ಅಂಗಡಿಗಳ ಪುಣ್ಯ.

ಎರಡನೆಯ ಪಾಠ ವಿಳಾಸ. ದೇವಸ್ಥಾನದ ಜಗಲಿ ವಿಳಾಸವಲ್ಲ. ಕಟ್ಟಡದ ಮಾಲೀಕರ ನಿರಾಕ್ಷೇಪಣಾ ಪತ್ರ, ಕಂದಾಯದ ರಸೀದಿ, ವಿದ್ಯುತ್ ಬಿಲ್ಲು ಬೇಕು. ಸಂಘವೊಂದು ಒಳಗೆ ಬಂದರೆ ಹೊರಗೆ ಹೋಗುವುದಿಲ್ಲ ಎಂಬ ಲೋಕಾನುಭವ ಎಲ್ಲ ಮಾಲೀಕರಿಗೂ ಇರುವುದರಿಂದ ಕೊನೆಗೆ ಮೇಷ್ಟ್ರ ಮನೆಯ ನಡುಮನೆಯೇ ‘ಕೇಂದ್ರ ಕಚೇರಿ’ ಆಗುತ್ತದೆ. ಅಲ್ಲಿ ಅಕ್ಕಿ ಆರಿಸುತ್ತಿದ್ದ ಅವರ ಹೆಂಡತಿ ಖಜಾಂಚಿ.

ಇಷ್ಟಾದರೆ ಸಂಘ ಹುಟ್ಟಿತು. ಆದರೆ ಅದು ಧರ್ಮಕಾರ್ಯ ಮಾಡುತ್ತಿದೆಯೆಂದು ಆದಾಯ ತೆರಿಗೆ ಇಲಾಖೆ ನಂಬಬೇಕಲ್ಲ? ಅದಕ್ಕೆ 1961ರ ಆದಾಯ ತೆರಿಗೆ ಕಾಯ್ದೆಯ 12ಎ ಸೆಕ್ಷನ್ನಿನ ನೋಂದಣಿ. ಸಂಘಕ್ಕೆ ಕೊಟ್ಟವರಿಗೆ ತೆರಿಗೆ ವಿನಾಯಿತಿ ಸಿಗಲು ಅದೇ ಕಾಯ್ದೆಯ 80ಜಿ. ಹಿಂದೆ ಒಮ್ಮೆ 12ಎ ಸಿಕ್ಕಿತೆಂದರೆ, ಯಾರಾದರೂ ರದ್ದು ಮಾಡುವ ತನಕ ಅದು ಇದ್ದೇ ಇರುತ್ತಿತ್ತು. 2020ರ ಹಣಕಾಸು ಕಾಯ್ದೆಗೆ ಈ ನೆಮ್ಮದಿ ಸಹಿಸಲಿಲ್ಲ. ಎಲ್ಲರೂ ಹೊಸದಾಗಿ ನೋಂದಾಯಿಸಿಕೊಳ್ಳಿ, ಐದು ವರ್ಷಕ್ಕೊಮ್ಮೆ ನವೀಕರಿಸಿ ಎಂದಿತು. ಐವತ್ತು ವರ್ಷದಿಂದ ಕುಷ್ಠರೋಗಿಗಳ ಗಾಯ ತೊಳೆಯುತ್ತಿದ್ದವರೂ ‘ನಾವು ಧರ್ಮಕಾರ್ಯ ಮಾಡುತ್ತಿದ್ದೇವೆ’ ಎಂದು ನಮೂನೆ 10ಎ ತುಂಬಿ ಹೇಳಬೇಕಾಯಿತು.

ಹೇಳಲು ಹೊರಟರೆ ಜಾಲತಾಣ ಸಿದ್ಧವಿರಲಿಲ್ಲ. ಗಡುವು 2021ರ ಜೂನ್ 30 ಎಂದರು. ಆಮೇಲೆ ಆಗಸ್ಟ್ 31 ಎಂದರು. ಅದೂ ಆಗದೆ 2022ರ ಮಾರ್ಚ್ 31. ಬಳಿಕ ಅದೇ ವರ್ಷದ ನವೆಂಬರ್ 25. ಈ ಇಪ್ಪತ್ತೈದನೇ ತಾರೀಕನ್ನು ಯಾವ ಪಂಚಾಂಗ ನೋಡಿ ತೆಗೆದರೋ ತಿಳಿಯದು. ಅನಂತರ 2023ರ ಸೆಪ್ಟೆಂಬರ್ 30. ಕೊನೆಗೆ 2024ರ ಜೂನ್ 30. ಸಂಘದವರು ಮೂರು ವರ್ಷ ತಡ ಮಾಡಿದ್ದರೆ ಅದು ನಿರ್ಲಕ್ಷ್ಯ. ಸರ್ಕಾರ ಮೂರು ವರ್ಷ ತಡ ಮಾಡಿದರೆ ಅದು ಔದಾರ್ಯ, ಸುತ್ತೋಲೆಯಲ್ಲಿ ‘ನೈಜ ತೊಂದರೆಯನ್ನು ಪರಿಹರಿಸುವ ಸಲುವಾಗಿ’ ಎಂಬ ಧಾಟಿಯ ಮಾತು ಬೇರೆ.

ಹೊಸ ಸಂಘಕ್ಕೆ ಮೂರು ವರ್ಷದ ತಾತ್ಕಾಲಿಕ ನೋಂದಣಿ. ಕೆಲಸ ಆರಂಭಿಸಿದ ಆರು ತಿಂಗಳೊಳಗೆ, ಇಲ್ಲವೇ ಅವಧಿ ಮುಗಿಯಲು ಆರು ತಿಂಗಳಿರುವಾಗ, ಯಾವುದು ಮೊದಲೋ ಆಗ, ಕಾಯಂ ನೋಂದಣಿಗೆ ಮತ್ತೊಂದು ಅರ್ಜಿ. ಕಾಯಂ ಎಂದರೆ ಐದು ವರ್ಷ. ಚಿಕ್ಕ ಸಂಸ್ಥೆಗಳಿಗೆ ಅದನ್ನು ಹತ್ತು ವರ್ಷಕ್ಕೆ ಏರಿಸಲು 2025ರ ಹಣಕಾಸು ಕಾಯ್ದೆಯ ತನಕ ಕಾಯಬೇಕಾಯಿತು. ಇದರ ನಡುವೆ ನೀತಿ ಆಯೋಗದ ‘ದರ್ಪಣ’ ಎಂಬ ಜಾಲತಾಣದಲ್ಲಿ ಮುಖ ತೋರಿಸಿ ಒಂದು ಸಂಖ್ಯೆ ಪಡೆಯಬೇಕು. ದೊಡ್ಡ ಕಂಪನಿಗಳು ಲಾಭದಲ್ಲಿ ಸಮಾಜಸೇವೆಗೆಂದು ತೆಗೆದಿಡಬೇಕಾದ ಎರಡು ಪರ್ಸೆಂಟ್ ಹಣದ ಆಸೆಯಿದ್ದರೆ ಸಿಎಸ್‌ಆರ್-1 ನಮೂನೆ ತುಂಬಿ ಇನ್ನೊಂದು ಸಂಖ್ಯೆ ಪಡೆಯಬೇಕು. ಸಂಖ್ಯೆ ಸಿಕ್ಕ ಮೇಲೆ ಕಂಪನಿಯವರು ಮೂರು ವರ್ಷದ ಅನುಭವ ಕೇಳುತ್ತಾರೆ. ಮೇಷ್ಟ್ರಿಗೆ ಇರುವುದು ನಲವತ್ತು ವರ್ಷದ ಅನುಭವ. ಆದರೆ ಅದು ಲೆಕ್ಕ ಹೇಳಿಕೊಟ್ಟ ಅನುಭವ. ಲೆಕ್ಕಪರಿಶೋಧಕರ ಸಹಿ ಅದರ ಮೇಲಿಲ್ಲ.

ದೇಣಿಗೆ ಬಂದೇಬಿಟ್ಟಿತು ಎನ್ನೋಣ. ಪಕ್ಕದ ಬೀದಿಯ ದರ್ಜಿ ಐನೂರು ರೂಪಾಯಿ ಕೊಟ್ಟ. 80ಜಿ ರಸೀದಿ ಕೊಡುವ ಸಂಘ ಅವನ ಹೆಸರು, ವಿಳಾಸ, ಪ್ಯಾನ್ ಅಥವಾ ಆಧಾರ್ ಸಂಖ್ಯೆಯನ್ನು ನಮೂನೆ 10ಬಿಡಿಯಲ್ಲಿ ತುಂಬಿ ಇಲಾಖೆಗೆ ಒಪ್ಪಿಸಬೇಕು. ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ. ಮೂರನೆಯ ದಿನಕ್ಕೆ ದರ್ಜಿಯ ದೇಣಿಗೆಯೆಲ್ಲ ಶುಲ್ಕಕ್ಕೇ ಮುಗಿದುಹೋಗುತ್ತದೆ. ಅದೇ ದರ್ಜಿ ಅದೇ ಐನೂರನ್ನು ಒಂದು ರಾಜಕೀಯ ಪಕ್ಷಕ್ಕೆ ಕೊಟ್ಟಿದ್ದರೆ ಚುನಾವಣಾ ಆಯೋಗಕ್ಕೆ ಅವನ ಹೆಸರು ಹೇಳುವ ಗೋಜೇ ಇರಲಿಲ್ಲ. ಪಕ್ಷಗಳು 20,000 ರೂಪಾಯಿ ಮೀರಿದ ದೇಣಿಗೆಯ ವಿವರ ಕೊಟ್ಟರೆ ಸಾಕು. ಅಷ್ಟನ್ನೂ ಹೇಳಲು ಸಂಕೋಚಪಡುವವರಿಗಾಗಿ ಚುನಾವಣಾ ಬಾಂಡ್ ಎಂಬ ಮುಸುಕನ್ನು ಸರ್ಕಾರವೇ ಹೊಲಿಸಿಕೊಟ್ಟಿತ್ತು. 2024ರ ಫೆಬ್ರುವರಿ 15ರಂದು ಸುಪ್ರೀಂ ಕೋರ್ಟ್ ಅದನ್ನು ಅಸಾಂವಿಧಾನಿಕ ಎಂದು ಕಿತ್ತುಹಾಕುವವರೆಗೆ, ಕೋಟಿ ಕೊಟ್ಟವರಿಗೆ ಮುಸುಕು, ಐನೂರು ಕೊಟ್ಟ ದರ್ಜಿಗೆ ಹೆಸರು, ವಿಳಾಸ, ಆಧಾರ್ ಎಂಬುದೇ ದೇಶದ ನೀತಿಯಾಗಿತ್ತು.

ಇಷ್ಟೆಲ್ಲ ಹಿಟ್ಟಿನ ಗಿರಣಿಯ ಸದ್ದು, ಕಡಲಾಚೆಯ ಗುಡುಗು ಇನ್ನೂ ಬಾಕಿಯಿದೆ. ಮೇಷ್ಟ್ರ ಹಳೆಯ ಶಿಷ್ಯೆಯೊಬ್ಬಳು ಅಮೆರಿಕದಲ್ಲಿ ಅಲ್ಲಿಯ ಪೌರತ್ವ ಪಡೆದು ನೆಲೆಸಿದ್ದಾಳೆ. ಮಕ್ಕಳಿಗೆ ಬೆಂಚು ಮಾಡಿಸಲು ಹಣ ಕಳಿಸುತ್ತೇನೆ ಎನ್ನುತ್ತಾಳೆ. ಮೇಷ್ಟ್ರಿಗೆ ಅವಳು ಎರಡನೆಯ ಬೆಂಚಿನ ಹುಡುಗಿ. ಕಾನೂನಿಗೆ ಅವಳು ‘ವಿದೇಶಿ ಮೂಲ’. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ, ಅಂದರೆ ಎಫ್‌ಸಿಆರ್‌ಎ, ಹುಟ್ಟಿದ್ದು 1976ರಲ್ಲಿ, ತುರ್ತುಪರಿಸ್ಥಿತಿಯ ಕಾಲದಲ್ಲಿ. ತುರ್ತುಪರಿಸ್ಥಿತಿಯನ್ನು ವಿರೋಧಿಸಿ ಜೈಲಿಗೆ ಹೋದವರು ಮುಂದೆ ಅಧಿಕಾರಕ್ಕೆ ಬಂದರು, ಹೋದರು, ಮತ್ತೆ ಬಂದರು. ಆ ಕಾಲದ ಸಾಮಾನುಗಳಲ್ಲಿ ಈ ಒಂದನ್ನು ಮಾತ್ರ ಯಾರೂ ಅಟ್ಟಕ್ಕೆ ಹಾಕಲಿಲ್ಲ. 2010ರಲ್ಲಿ ಕಾಂಗ್ರೆಸ್ ನೇತೃತ್ವದ ಸರ್ಕಾರ ಅದನ್ನು ಹೊಸ ಕಾಯ್ದೆಯಾಗಿ ಮಾಡಿ ಐದು ವರ್ಷದ ಅವಧಿ ಕಟ್ಟಿತು, 2020ರಲ್ಲಿ ಬಿಜೆಪಿ ನೇತೃತ್ವದ ಸರ್ಕಾರ ಇನ್ನಷ್ಟು ಬಿಗಿ ಮಾಡಿತು. ಬೇರೆ ವಿಷಯಗಳಲ್ಲಿ ಇವರಿಬ್ಬರ ನಡುವೆ ಇಂಥ ಒಮ್ಮತ ಕಾಣುವುದು ಸಂಬಳ, ಭತ್ಯೆ ಏರಿಸಿಕೊಳ್ಳುವಾಗ ಮಾತ್ರ.

ಎಫ್‌ಸಿಆರ್‌ಎ ನೋಂದಣಿ ಬೇಕೆಂದರೆ ಸಂಸ್ಥೆಗೆ ಮೂರು ವರ್ಷ ತುಂಬಿರಬೇಕು, ಆ ಮೂರು ವರ್ಷದಲ್ಲಿ ತನ್ನ ಮುಖ್ಯ ಕೆಲಸಕ್ಕೆ 15 ಲಕ್ಷ ರೂಪಾಯಿ ಖರ್ಚು ಮಾಡಿರಬೇಕು. ಹಣವಿಲ್ಲ ಎಂದು ಹಣ ಕೇಳಲು ಹೋದರೆ, ಮೊದಲು ಹಣವಿತ್ತೆಂದು ತೋರಿಸಿ ಎನ್ನುತ್ತಾರೆ. 15 ಲಕ್ಷ ಖರ್ಚು ಮಾಡುವ ತಾಕತ್ತಿದ್ದರೆ ಮೇಷ್ಟ್ರು ಬೆಂಚನ್ನು ಮಾತ್ರವಲ್ಲ, ಜಗಲಿಯನ್ನೇ ಕೊಂಡುಕೊಳ್ಳುತ್ತಿದ್ದರು.

ಇನ್ನು ಖಾತೆ. 2020ರ ತಿದ್ದುಪಡಿಯ ಪ್ರಕಾರ ದೇಶದ ಯಾವ ಮೂಲೆಯ ಸಂಸ್ಥೆಯೇ ಆಗಲಿ, ವಿದೇಶಿ ಹಣ ಬಂದು ಇಳಿಯಬೇಕಾದದ್ದು ಹೊಸದಿಲ್ಲಿಯ ಸಂಸದ್ ಮಾರ್ಗದಲ್ಲಿರುವ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಗೆ. ಚಾಮರಾಜನಗರದ ಸೋಲಿಗರ ಹಾಡಿಗೆ ಔಷಧಿ ಕೊಡಿಸುವ ಹಣವೂ ಮೊದಲು ಸಂಸತ್ತಿನ ನೆರೆಯಲ್ಲಿ ಇಳಿದು, ದರ್ಶನ ಮುಗಿಸಿಕೊಂಡು ಬಿಳಿಗಿರಿರಂಗನ ಬೆಟ್ಟಕ್ಕೆ ಬರಬೇಕು. ಖಾತೆ ತೆರೆಯಲು ದೆಹಲಿಗೇ ಹೋಗಬೇಕಿಲ್ಲ, ಹತ್ತಿರದ ಶಾಖೆಯಲ್ಲಿ ಕಾಗದಪತ್ರ ಕೊಟ್ಟರಾಯಿತು ಎಂದು ಸಮಾಧಾನ ಹೇಳಿದರು. ಹತ್ತಿರದ ಶಾಖೆ ಅಷ್ಟು ನಂಬಿಕಸ್ತನಾಗಿದ್ದರೆ ಹಣವೂ ಅಲ್ಲಿಗೇ ಬರಬಾರದೇಕೆ ಎಂದು ಕೇಳುವವರ ಬಾಯಿಗೆ ಉತ್ತರ ಸಿಗಲಿಲ್ಲ. ಖಾತೆ ತೆರೆಯುವ ಗಡುವು 2021ರ ಮಾರ್ಚ್ 31ಕ್ಕೆ ಮುಗಿಯಿತು. ಏಪ್ರಿಲ್‌ನಲ್ಲಿ ಕೋವಿಡ್ ಎರಡನೆಯ ಅಲೆ ಬಂತು. ಆಮ್ಲಜನಕಕ್ಕಾಗಿ ಜನ ಆಸ್ಪತ್ರೆಯ ಬಾಗಿಲಲ್ಲಿ ಏದುಸಿರು ಬಿಡುತ್ತಿದ್ದಾಗ, ಹೊರದೇಶದಿಂದ ನೆರವು ಪಡೆಯಬಲ್ಲ ಎಷ್ಟೋ ಸಂಸ್ಥೆಗಳು ದೆಹಲಿ ಶಾಖೆಯ ಖಾತೆಗಾಗಿ ಕಾಯುತ್ತಿದ್ದವು. ಗೃಹ ಸಚಿವಾಲಯ ಗಡುವನ್ನು ಜೂನ್ 30ಕ್ಕೆ ಮುಂದೂಡಿದ್ದು ಮೇ 18ರಂದು. ವೈರಸ್ಸಿಗೆ ಸುತ್ತೋಲೆ ಓದುವ ಅಭ್ಯಾಸವಿರಲಿಲ್ಲ, ಅದು ಮೇ 18ರವರೆಗೆ ಕಾಯಲಿಲ್ಲ. ಈ ವಿಷಯದಲ್ಲಿ ನನಗೆ ತಮಾಷೆ ಹೊಳೆಯುವುದಿಲ್ಲ, ಮುಂದಕ್ಕೆ ಹೋಗುತ್ತೇನೆ.

ದೊಡ್ಡ ಸಂಸ್ಥೆ ತನ್ನ ವಿದೇಶಿ ಹಣದಲ್ಲಿ ಚಿಕ್ಕ ಸಂಸ್ಥೆಗೆ ಪಾಲು ಕೊಡುವುದಕ್ಕೂ ಅದೇ ತಿದ್ದುಪಡಿ ತಡೆ ಹಾಕಿತು. ಆಡಳಿತ ವೆಚ್ಚದ ಮಿತಿಯನ್ನು ಐವತ್ತು ಪರ್ಸೆಂಟಿನಿಂದ ಇಪ್ಪತ್ತಕ್ಕೆ ಇಳಿಸಿತು. ಲೆಕ್ಕ ಬರೆಯುವವರು, ವಕೀಲರು ಇವರ ಶುಲ್ಕವೆಲ್ಲ ಈ ಇಪ್ಪತ್ತರೊಳಗೇ. ಅಂದರೆ ಕಾಗದ ಕೇಳುವವರೂ ಅವರೇ, ಕಾಗದಕ್ಕೆ ಹೆಚ್ಚು ಖರ್ಚು ಮಾಡಬೇಡಿ ಎಂದು ಬೈಯುವವರೂ ಅವರೇ. ಮದರ್ ತೆರೇಸಾ ಕಟ್ಟಿದ ಮಿಷನರೀಸ್ ಆಫ್ ಚಾರಿಟಿಯ ನವೀಕರಣವನ್ನು 2021ರ ಡಿಸೆಂಬರ್ 25ರಂದು, ಸರಿಯಾಗಿ ಕ್ರಿಸ್‌ಮಸ್ ದಿನ, ‘ಪ್ರತಿಕೂಲ ಮಾಹಿತಿ’ ಇದೆಯೆಂದು ನಿರಾಕರಿಸಿದರು. ಎರಡು ವಾರದೊಳಗೆ ನೋಂದಣಿ ಮರಳಿ ಬಂತು. ಪ್ರತಿಕೂಲ ಮಾಹಿತಿ ಎಲ್ಲಿ ಹೋಯಿತೆಂದು ತಿಳಿಸುವ ನಮೂನೆ ಇನ್ನೂ ಬಂದಿಲ್ಲ.

ಇದೇ ಕಾಯ್ದೆಯ ಮೂರನೆಯ ಸೆಕ್ಷನ್ ವಿದೇಶಿ ದೇಣಿಗೆಯನ್ನು ಮುಟ್ಟಲೇಬಾರದವರ ಪಟ್ಟಿ ಕೊಡುತ್ತದೆ. ಚುನಾವಣೆಯ ಅಭ್ಯರ್ಥಿ, ನ್ಯಾಯಾಧೀಶ, ಸರ್ಕಾರಿ ನೌಕರ, ಶಾಸಕ, ರಾಜಕೀಯ ಪಕ್ಷ. ಇವರ ಸಾಲಿನಲ್ಲಿ ನೋಂದಾಯಿತ ಪತ್ರಿಕೆಯ ಅಂಕಣಕಾರನೂ ವ್ಯಂಗ್ಯಚಿತ್ರಕಾರನೂ ಕುಳಿತಿದ್ದಾರೆ. ಸ್ವದೇಶಿ ಸಂಭಾವನೆಯೇ ಆರು ತಿಂಗಳಿಗೊಮ್ಮೆ ದಾರಿ ತಪ್ಪಿ ಬರುವ ನಮ್ಮಂಥವರಿಗೆ ವಿದೇಶದಿಂದ ಯಾರೋ ಹಣ ಕಳಿಸಬಹುದೆಂಬ ಸಂಶಯ ದೇಶದ ಸಂಸತ್ತಿಗೆ ಬಂದಿತಲ್ಲ, ಅಷ್ಟು ಗೌರವವನ್ನು ನಮ್ಮ ಮನೆಯಲ್ಲೂ ಯಾರೂ ಕೊಟ್ಟಿಲ್ಲ.

ಕಳ್ಳ ಸಂಸ್ಥೆಗಳಿಲ್ಲವೇ? ಧಾರಾಳವಾಗಿ ಇವೆ. 2015ರಲ್ಲಿ ಸಿಬಿಐ ಸುಪ್ರೀಂ ಕೋರ್ಟಿಗೆ ಕೊಟ್ಟ ಲೆಕ್ಕದಲ್ಲಿ ದೇಶದ ಸರ್ಕಾರೇತರ ಸಂಸ್ಥೆಗಳು 31 ಲಕ್ಷ ಸಮೀಪಿಸಿದ್ದವು, ಕೆಲವು ರಾಜ್ಯಗಳ ಲೆಕ್ಕ ಆಗಿನ್ನೂ ಬಾಕಿಯಿತ್ತು. ಆಯವ್ಯಯ ಪತ್ರ ಸಲ್ಲಿಸಿದವು ಹತ್ತರಲ್ಲಿ ಒಂದೂ ಇರಲಿಲ್ಲ. ಆದ್ದರಿಂದ ಜರಡಿ ಬೇಕು, ಒಪ್ಪೋಣ. ಆದರೆ ಈ ಜರಡಿಯಲ್ಲಿ ಕಾಳು ಕೆಳಗೆ ಬಿದ್ದು ಹೋಗುತ್ತದೆ, ಕಲ್ಲು ಮೇಲೆ ಉಳಿಯುತ್ತದೆ. ಕೆಲಸವನ್ನೇ ಮಾಡದ ಸಂಸ್ಥೆಗೆ ನಮೂನೆ ತುಂಬಲು ಇಡೀ ವರ್ಷ ಬಿಡುವಿರುತ್ತದೆ. ಅದರ ನಡಾವಳಿ ಪುಸ್ತಕದಲ್ಲಿ ಎಂದೂ ನಡೆಯದ ಸರ್ವ ಸದಸ್ಯರ ಸಭೆ ಗಡಿಯಾರದ ಪ್ರಕಾರ ಆರಂಭವಾಗಿ ವಂದನಾರ್ಪಣೆಯೊಂದಿಗೆ ಮುಕ್ತಾಯವಾಗುತ್ತದೆ. ಗಡುವು ತಪ್ಪಿಸುವವರು ಯಾರೆಂದರೆ, ಅಂದು ಮಗುವಿಗೆ ಜ್ವರವೆಂದು ಆಸ್ಪತ್ರೆಗೆ ಓಡಿದವರು. 12ಎ, 80ಜಿ ಎರಡೂ ಇರುವ ಹಳೆಯ ಟ್ರಸ್ಟಿಗೆ ಪೇಟೆಯಲ್ಲಿ ಗಿರಾಕಿಗಳಿದ್ದಾರೆ. ಹಳೆಯ ಟ್ರಸ್ಟಿನ ಅನಾಥರನ್ನು ಮಾತ್ರ ಯಾರೂ ಕೇಳಿಕೊಂಡು ಬಂದದ್ದು ಕಾಣೆ.

ನೋಂದಣಿಯ ತೊಡಕನ್ನು ಬಿಡಿಸುವ ಕಲೆ ನಮ್ಮ ಸಂಸತ್ತಿಗೆ ಬರುವುದಿಲ್ಲವೆಂದಲ್ಲ. 2014ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್, ವಿದೇಶಿ ಒಡೆತನದ ವೇದಾಂತ ಸಮೂಹದ ಕಂಪನಿಗಳಿಂದ ದೇಣಿಗೆ ಪಡೆದು ಬಿಜೆಪಿ, ಕಾಂಗ್ರೆಸ್ ಎರಡೂ ಪಕ್ಷಗಳು ವಿದೇಶಿ ದೇಣಿಗೆ ಕಾಯ್ದೆಯನ್ನು ಮುರಿದಿವೆ ಎಂದಿತು. 2016ರ ಹಣಕಾಸು ಕಾಯ್ದೆ ‘ವಿದೇಶಿ ಮೂಲ’ ಎಂಬುದರ ವ್ಯಾಖ್ಯಾನವನ್ನೇ ಹಿಂದಿನಿಂದ ಜಾರಿಯಾಗುವಂತೆ ಬದಲಿಸಿತು. ಆದರೆ ಅದು 2010ರ ತನಕ ಮಾತ್ರ ಹಿಂದೆ ಹೋಯಿತು; ಹಳೆಯ ದೇಣಿಗೆಗಳು ಅದಕ್ಕೂ ಹಿಂದಿನವು. ಚಿಂತೆಯಿಲ್ಲ, 2018ರ ಹಣಕಾಸು ಮಸೂದೆಯಲ್ಲಿ 2010ರ ಸೆಪ್ಟೆಂಬರ್ 26 ಎಂಬಲ್ಲಿ 1976ರ ಆಗಸ್ಟ್ 5 ಎಂದು ಓದಿಕೊಳ್ಳತಕ್ಕದ್ದು ಎಂದು ಒಂದೇ ಸಾಲು ಸೇರಿಸಿದರು. ನಲವತ್ತೆರಡು ವರ್ಷದ ಪಾಪ ಒಂದು ತಾರೀಕಿನಲ್ಲಿ ತೊಳೆದುಹೋಯಿತು. ಅರ್ಜಿಯಿಲ್ಲ, ನೋಟರಿಯಿಲ್ಲ, ದಿನಕ್ಕೆ 200 ರೂಪಾಯಿಯಿಲ್ಲ.

ಹಣಕಾಸು ಸಚಿವರಲ್ಲಿ ಒಂದು ಮನವಿ. ಮುಂದಿನ ಮಸೂದೆಯ ತಳದಲ್ಲಿ ಅಂಥದೇ ಇನ್ನೊಂದು ಸಾಲಿಗೆ ಜಾಗವಿದ್ದರೆ, ದೇವಸ್ಥಾನದ ಜಗಲಿಯಲ್ಲಿ ಲೆಕ್ಕ ಹೇಳಿಕೊಡುವವರೆಲ್ಲ 1976ರ ಆಗಸ್ಟ್ 5ರಿಂದಲೇ ನೋಂದಾಯಿತರೆಂದು ಭಾವಿಸತಕ್ಕದ್ದು ಎಂದು ಬರೆಸಿಬಿಡಿ. ಸದನದಲ್ಲಿ ಚರ್ಚೆಯಾದೀತೆಂಬ ಅಳುಕು ಬೇಡ. 2018ರಲ್ಲಿ ಲೋಕಸಭೆ ಆ ಮಸೂದೆಯನ್ನು ಚರ್ಚೆಯಿಲ್ಲದೆಯೇ ಅಂಗೀಕರಿಸಿತ್ತು.